ಚಿಕ್ಕಬಳ್ಳಾಪುರದ ಹಿತ್ತಲಿಗೆ ಯಾವ ಸೇಬು? ಅನ್ನಾ, ಡಾರ್ಸೆಟ್, ಎಚ್‌ಆರ್‌ಎಂಎನ್-99

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅನ್ನಾ ತಳಿಗೆ. ಮನೆ ಹಿಂದಿನ ಜಾಗದಲ್ಲಿ ಅನ್ನಾ, ಡಾರ್ಸೆಟ್ ಗೋಲ್ಡನ್, ಎಚ್‌ಆರ್‌ಎಂಎನ್-99 ಮೂರನ್ನೂ ಒಂದೇ ಚಳಿಗಾಲದಲ್ಲಿ ನೆಟ್ಟಿದ್ದೆ. ಅದೇ ಕೆಂಪು ಮಣ್ಣು, ಅದೇ ಬೋರ್‌ವೆಲ್ ನೀರು, ಅದೇ ಕೊಟ್ಟಿಗೆ ಗೊಬ್ಬರ. ಮೂರೂ ಬದುಕಿವೆ, ಮೂರೂ ಹಣ್ಣು ಬಿಟ್ಟಿವೆ. ಆದರೆ ಮನೆಯವರೆಲ್ಲ ತಿಂದು ಅಕ್ಕಪಕ್ಕದವರಿಗೂ ಕೊಡುವಷ್ಟು ಹಣ್ಣು ಬಂದದ್ದು ಅನ್ನಾದಲ್ಲಿ ಮಾತ್ರ.

ಸಸಿ ಮಾರುವವರು ಎಲ್ಲದಕ್ಕಿಂತ ಮೊದಲು ಹೇಳುವುದು ಚಿಲ್ಲಿಂಗ್ ಅವರ್ಸ್ ಲೆಕ್ಕ. ಅಂದರೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗೆ ಎಷ್ಟು ಗಂಟೆ ಕಳೆದರೆ ಗಿಡಕ್ಕೆ ಸಾಕು ಅನ್ನುವುದು. ಬೆಟ್ಟದ ಸೇಬಿಗೆ ಸಾವಿರದ ಹತ್ತಿರ ಬೇಕು. ಅನ್ನಾಗೆ 200ರಿಂದ 300, ಡಾರ್ಸೆಟ್‌ಗೆ 100 ಸಾಕು ಅನ್ನುತ್ತಾರೆ. ಕೇಳಿದರೆ ಡಾರ್ಸೆಟ್ಟೇ ವಾಸಿ ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮೂರಲ್ಲಿ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 14-15 ಡಿಗ್ರಿ. ನಂದಿ ಬೆಟ್ಟದ ಕಡೆಯಿಂದ ಗಾಳಿ ಬೀಸಿದರೆ ನಾವು ಸ್ವೆಟರ್ ಹಾಕಿಕೊಳ್ಳುತ್ತೇವೆ, ಸೇಬಿನ ಗಿಡಕ್ಕೆ ಅದು ಚಳಿಯೇ ಅಲ್ಲ. ಕೋಲಾರ, ತುಮಕೂರಲ್ಲೂ ಇದೇ ಕಥೆ. 300 ಇರಲಿ, 100 ಇರಲಿ, ನಮಗೆ ಸಿಗುವುದು ಸೊನ್ನೆ. ಹಾಗಾಗಿ ಆ ಲೆಕ್ಕ ನೋಡಿ ತಳಿ ಆರಿಸಬೇಡಿ. ಡಾರ್ಸೆಟ್ ಮೊದಲು ಸಿಕ್ಕಿದ್ದೇ ಬಹಾಮಾಸ್ ದ್ವೀಪದಲ್ಲಿ. ಸಮುದ್ರದ ದಡದ ಆ ಊರಲ್ಲಿ ಚಳಿ ಎಲ್ಲಿಂದ ಬರಬೇಕು?

ನಮ್ಮ ಕಡೆ ನಿಜವಾದ ತಲೆನೋವು ಎಲೆಯದು. ಸೇಬಿನ ಗಿಡ ಎಲೆ ಉದುರಿಸಿ, ಮಲಗಿ, ಎದ್ದ ಮೇಲೆ ಹೂ ಬಿಡಬೇಕು. ಇಲ್ಲಿ ಅದು ಎಲೆ ಉದುರಿಸುವುದೇ ಇಲ್ಲ. ಜನವರಿ ಬಂದರೂ ಹಳೆ ಎಲೆ ಹಾಗೇ ಅಂಟಿಕೊಂಡಿರುತ್ತದೆ. ಅಂಚು ಕಂದಾಗಿರುತ್ತದೆ, ಮೇಲೆಲ್ಲ ಧೂಳು, ಆದರೂ ಬೀಳುವುದಿಲ್ಲ. ಆ ಎಲೆ ಇರುವವರೆಗೆ ಅದರ ತೊಟ್ಟಿನ ಬುಡದಲ್ಲಿರುವ ಮೊಗ್ಗು ಕಣ್ಣು ಬಿಡುವುದಿಲ್ಲ. "ಸೇಬು ಹಾಕಿದೆ, ಸೊಂಪಾಗಿ ಬೆಳೆದಿದೆ, ಹೂವೇ ಇಲ್ಲ" ಅನ್ನುವವರ ಮನೆಯಲ್ಲೆಲ್ಲ ನಾನು ನೋಡಿದ್ದು ಇದನ್ನೇ.

ಪರಿಹಾರ ಇದೆ, ಕೈಯಲ್ಲೇ ಮಾಡಬೇಕು. ನವೆಂಬರ್ ಕೊನೆಯಿಂದ ನೀರು ನಿಲ್ಲಿಸುತ್ತೇನೆ. ಡಿಸೆಂಬರ್ ಮಧ್ಯದಲ್ಲಿ ಒಂದು ಎಲೆಯೂ ಬಿಡದ ಹಾಗೆ ಎಲ್ಲ ತೆಗೆಯುತ್ತೇನೆ. ಎಳೆದು ಕಿತ್ತರೆ ಎಲೆಯ ಜೊತೆ ಪಕ್ಕದ ಮೊಗ್ಗೂ ಸಿಪ್ಪೆಸಮೇತ ಬಂದುಬಿಡುತ್ತದೆ. ಅದಕ್ಕೇ ಸಣ್ಣ ಕತ್ತರಿ ಹಿಡಿದು, ತೊಟ್ಟು ಉಳಿಸಿ ಎಲೆಯನ್ನಷ್ಟೇ ಕತ್ತರಿಸುವುದು. ಆಮೇಲೆ ತೊಟ್ಟು ಒಣಗಿ ತಾನಾಗೇ ಉದುರುತ್ತದೆ. ನಂತರ ಗೊಬ್ಬರ ಹಾಕಿ, ಗಿಡದ ಬುಡ ಚೆನ್ನಾಗಿ ನೆನೆಯುವಂತೆ ನೀರು ಕೊಟ್ಟರೆ ಮೊಗ್ಗು ಊದುವುದು ಕಾಣುತ್ತದೆ. ಮೊದಲು ಬೂದುಬಣ್ಣದ ರೋಮ, ಆಮೇಲೆ ಹಸಿರು ತುದಿ, ಆಮೇಲೆ ನಸುಗೆಂಪು ಮೊಗ್ಗಿನ ಗೊಂಚಲು.

ಪಕ್ಕದ ದ್ರಾಕ್ಷಿ ತೋಟದ ತಾತ ಇದನ್ನು ನೋಡಿ, "ಸರಿಯಾಗೇ ಮಾಡ್ತಿದ್ದೀಯ ಕಣಮ್ಮ, ನಮ್ಮ ದ್ರಾಕ್ಷಿನೂ ಸವರಿದ ಮೇಲೇನೇ ಚಿಗುರೋದು" ಅಂದರು. ಬ್ಯಾಂಗಲೋರ್ ಬ್ಲೂ, ದಿಲ್‌ಖುಷ್ ಬೆಳೆಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾವಾ ದ್ವೀಪದ ಮಲಾಂಗ್ ಕಡೆಯ ರೈತರು ಹೀಗೇ ಎಲೆ ಕಿತ್ತು ರೋಮ್ ಬ್ಯೂಟಿ ಸೇಬನ್ನು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಮೊಗ್ಗು ಎಬ್ಬಿಸಲು ದ್ರಾಕ್ಷಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಔಷಧಿ ಸೇಬಿಗೂ ಕೆಲಸ ಮಾಡುತ್ತದೆ. ಆದರೆ ಅದು ವಿಷ. ಮಕ್ಕಳು ಓಡಾಡುವ ಹಿತ್ತಲಿಗೆ ನಾನು ತರುವುದಿಲ್ಲ.

ತಳಿಗಳ ವ್ಯತ್ಯಾಸ ಗೊತ್ತಾಗುವುದು ಎಲೆ ತೆಗೆದ ಮೇಲೆಯೇ. ಅನ್ನಾ ಒಟ್ಟಿಗೇ ಏಳುತ್ತದೆ. ಕೊಂಬೆಯ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಹೂ. ಡಾರ್ಸೆಟ್ ಕೂಡ ಅದೇ ಹೊತ್ತಿಗೆ ಬರುತ್ತದೆ, ಸ್ವಲ್ಪ ಕಡಿಮೆ. ಎಚ್‌ಆರ್‌ಎಂಎನ್-99 ನನ್ನಲ್ಲಿ ತುದಿಯಲ್ಲಿ ನಾಲ್ಕು ಮೊಗ್ಗು ಬಿಟ್ಟು, ಕೆಳಗಿನ ಕೊಂಬೆಯನ್ನೆಲ್ಲ ಬೋಳು ಬಿಟ್ಟಿತು. ನೆಟ್ಟಗೆ ಮೇಲಕ್ಕೆ ಹೋಗುವ ಕೊಂಬೆಯಲ್ಲಿ ಎಲ್ಲ ತಳಿಗೂ ಹೀಗಾಗುತ್ತದೆ, ತುದಿ ಮೊಗ್ಗು ಕೆಳಗಿನದನ್ನು ಏಳಲು ಬಿಡುವುದಿಲ್ಲ. ಹಳೆ ಸೀರೆಯ ಅಂಚು ಹರಿದು ಕೊಂಬೆಗೆ ಕಟ್ಟಿ, ನೆಲದಲ್ಲಿ ಹೊಡೆದ ಗೂಟಕ್ಕೆ ಎಳೆದು ಅಡ್ಡ ಮಲಗಿಸಿದೆ. ಮುಂದಿನ ವರ್ಷ ಅದರಲ್ಲೂ ನಡುವೆ ಹೂ ಬಂತು. ಆದರೆ ಒಟ್ಟಿಗೆ ಬರಲಿಲ್ಲ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸ್ವಲ್ಪ ಸ್ವಲ್ಪವೇ. ಕೊನೆಗೆ ಕಟ್ಟಿದ ಕಾಯಿ ಮಳೆಗೆ ಸಿಕ್ಕಿ ಹಣ್ಣುನೊಣದ ಪಾಲಾಯಿತು.

ಅದಕ್ಕೆಂದು ಆ ತಳಿಯನ್ನು ತೆಗಳುತ್ತಿಲ್ಲ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಪನಿಯಾಲಾ ಹಳ್ಳಿಯಲ್ಲಿ, ಸೇಬು ಬೆಳೆಯುವುದಿಲ್ಲ ಅನ್ನುತ್ತಿದ್ದ ಬಿಸಿ ಜಾಗದಲ್ಲಿ, ರೈತ ಹರಿಮನ್ ಶರ್ಮಾ ಅದನ್ನು ಬೆಳೆಸಿ ದೇಶಕ್ಕೆಲ್ಲ ಹಂಚಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಬರಲೇಬೇಕಿತ್ತು. ಅದರ ದೊಡ್ಡ ಗುಣ ಒಂದೇ ಗಿಡವಿದ್ದರೂ ಕಾಯಿ ಕಟ್ಟುವುದು. ಎಲೆ, ಕಾಯಿ ಮೇಲೆ ಕಪ್ಪು ಕಲೆ ಬರುವ ಸ್ಕ್ಯಾಬ್ ರೋಗ ತಡೆಯುತ್ತದೆ ಎಂದೂ ಹೊಗಳುತ್ತಾರೆ. ಆದರೆ ಅದು ತಂಪು, ತೇವ ಇರುವ ಬೆಟ್ಟದ ರೋಗ. ಫೆಬ್ರವರಿಯ ನಮ್ಮ ಒಣ ಬಿಸಿಲಲ್ಲಿ ಅದರ ಕಾಟ ನಾನು ಕಂಡಿಲ್ಲ.

ಇನ್ನು ಈ ಹೆಸರಿಗೆ ಬೇಡಿಕೆ ಜಾಸ್ತಿ, ಮೋಸವೂ ಜಾಸ್ತಿ. ಗಾಡಿಯಲ್ಲಿ ಬಂದವನೊಬ್ಬನ ಹತ್ತಿರ ತೆಗೆದುಕೊಂಡ ಮೊದಲ ಸಸಿಗೆ ಲೇಬಲ್ ಇತ್ತು, ಕಸಿಯೇ ಇರಲಿಲ್ಲ. ಬೀಜದಿಂದ ಎದ್ದ ಗಿಡ. ನೆಲದಿಂದ ಗೇಣುದ್ದದೊಳಗೆ ಕಾಂಡ ಸ್ವಲ್ಪ ಡೊಂಕಾಗಿ, ಗಂಟಾಗಿ ಕಂಡರೆ ಮಾತ್ರ ಹಣ ಕೊಡಿ. ನೆಡುವಾಗಲೂ ಆ ಗಂಟು ಮಣ್ಣಿನ ಮೇಲೇ ಇರಲಿ. ಅದರ ಕೆಳಗಿನಿಂದ ಏಳುವ ಚಿಗುರನ್ನೆಲ್ಲ ಚಿವುಟಿ.

ಅನ್ನಾದ ಕೊರತೆ ಅಂದರೆ ಅದಕ್ಕೆ ಜೊತೆ ಬೇಕು. ಒಂಟಿಯಾಗಿದ್ದರೆ ಕಾಯಿ ಕಡಿಮೆ. ಡಾರ್ಸೆಟ್‌ನ ಪರಾಗ ಸಿಕ್ಕರೆ ಗೊಂಚಲೆಲ್ಲ ಕಟ್ಟುತ್ತದೆ. ಎರಡಕ್ಕೂ ಬೇರೆ ಬೇರೆ ಜಾಗ ಇರಲಿಲ್ಲ, ಅದಕ್ಕೇ ಒಂದೇ ದೊಡ್ಡ ಗುಂಡಿಯಲ್ಲಿ ಒಂದೂವರೆ ಅಡಿ ಅಂತರದಲ್ಲಿ ನೆಟ್ಟೆ. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ವಾಲಿ ಬೆಳೆದಿವೆ. ಎರಡು ಸಸಿಗೂ ಸೇರಿ 600 ರೂಪಾಯಿ ಆಯಿತು. ಡಾರ್ಸೆಟ್‌ನ ಕೆಲಸ ನನ್ನ ಹಿತ್ತಲಲ್ಲಿ ಇಷ್ಟೇ. ಹಣ್ಣು ದುಂಡಗೆ, ಹಳದಿ, ಸಿಹಿ. ಚೆನ್ನಾಗಿದೆ, ಆದರೆ ಸಣ್ಣದು.

ಅನ್ನಾ ಹಣ್ಣು ಉದ್ದುದ್ದ, ಬಿಸಿಲು ಬಿದ್ದ ಕಡೆ ಕೆಂಪು, ಉಳಿದದ್ದು ಹಸಿರು-ಹಳದಿ. ಅಂಗಡಿಯ ಸೇಬಿನಷ್ಟು ಬಣ್ಣ ಬರುವುದಿಲ್ಲ, ಬರಲಿ ಎಂದು ಕಾಯಲೂಬಾರದು. ಕಾದರೆ ಮರದಲ್ಲೇ ರವೆರವೆ ಆಗುತ್ತದೆ. ಗಟ್ಟಿ ಇರುವಾಗಲೇ ಕಿತ್ತರೆ ಕಚ್ಚಿದಾಗ ಕಟ್ ಅನ್ನುತ್ತದೆ, ಸಿಹಿಯ ಹಿಂದೆ ಒಂದು ಹುಳಿ. ಇಟ್ಟುಕೊಳ್ಳಲು ಬರುವುದಿಲ್ಲ, ಫ್ರಿಜ್ ಹೊರಗೆ ಒಂದು ವಾರವೂ ಕಷ್ಟ. ಮಾರುವವರಿಗೆ ಇದು ದೊಡ್ಡ ಕೊರತೆ, ಕಿತ್ತ ದಿನವೇ ತಿನ್ನುವ ನಮಗೆ ಲೆಕ್ಕಕ್ಕೇ ಬರುವುದಿಲ್ಲ. ಮೇನಲ್ಲಿ ಹಿಮಾಚಲದ ಹೊಸ ಸೇಬು ಇನ್ನೂ ಬಂದಿರುವುದಿಲ್ಲ. ಕೋಲ್ಡ್ ಸ್ಟೋರೇಜಿನ ಹಣ್ಣು ತಿನ್ನುವ ಆ ತಿಂಗಳಲ್ಲಿ ಇದರ ರುಚಿಗೆ ಸಾಟಿಯಿಲ್ಲ.

ಗಿಳಿ, ಅಳಿಲು ಮೂರು ತಳಿಗೂ ಒಂದೇ. ಬಲೆ ಹಾಕಬೇಕು. ಕಾಂಡಕ್ಕೆ ಸುಣ್ಣ ಬಳಿಯಿರಿ, ಇಲ್ಲದಿದ್ದರೆ ಏಪ್ರಿಲ್ ಬಿಸಿಲಿಗೆ ತೊಗಟೆ ಸೀಳುತ್ತದೆ.

ಡಿಸೆಂಬರಿನಲ್ಲಿ ಒಂದು ಭಾನುವಾರ ಕತ್ತರಿ ಹಿಡಿದು ಕೂರುವ ತಾಳ್ಮೆ ಇದ್ದರೆ ಅನ್ನಾ ಮತ್ತು ಡಾರ್ಸೆಟ್ ಜೋಡಿ ತನ್ನಿ. ಜನವರಿಯಲ್ಲಿ ಮಣ್ಣಿಲ್ಲದ ಬೇರಿನ ಸಸಿ ಬರುತ್ತವೆ, ಬಂದ ದಿನವೇ ನೆಡಿ. ಗುಂಡಿಯನ್ನು ಮೊದಲೇ ತೋಡಿಟ್ಟಿರಿ. ಒಂದೇ ಗಿಡಕ್ಕೆ ಜಾಗ ಇರುವವರು, ಹಣ್ಣು ಹಿಂದೆ ಮುಂದೆ ಬಂದರೂ ಪರವಾಗಿಲ್ಲ ಅನ್ನುವವರು ಎಚ್‌ಆರ್‌ಎಂಎನ್-99 ಹಾಕಬಹುದು, ಕಸಿಯ ಗಂಟು ನೋಡಿಕೊಂಡು. ನಾನಂತೂ ಬರುವ ಜನವರಿಗೆ ಶಿಡ್ಲಘಟ್ಟದ ಅಕ್ಕನ ಮನೆಗೆ ಇನ್ನೊಂದು ಅನ್ನಾ ಜೋಡಿಗೇ ಹೇಳಿಟ್ಟಿದ್ದೇನೆ.