ಸ್ಪೋಕನ್ ಇಂಗ್ಲಿಷ್ ಕ್ಲಾಸು: ಮೂರು ತಿಂಗಳಲ್ಲಿ ಒಂದೇ ಒಂದು ಒಳ್ಳೆ ಭಾನುವಾರ

ತೀರ್ಥಹಳ್ಳಿ ಕಡೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ತೋಟದ ಮನೆಯ ಎರಡು ಕೋಣೆ, ಅಷ್ಟೇ. ಬೆಂಗಳೂರಿನವರು ಬಂದರೆ ಚಿಂತೆ ಇಲ್ಲ. ಹೊರದೇಶದವರು ಬಂದರೆ ಮಾತ್ರ ನನ್ನ ಇಂಗ್ಲಿಷು ಕಡುಬು ಬಡಿಸುವವರೆಗೆ ನಡೆದು, ಅಲ್ಲೇ ಕೂತುಬಿಡುತ್ತಿತ್ತು. ಅದಕ್ಕೇ ಶಿವಮೊಗ್ಗದಲ್ಲಿ ಶನಿವಾರ-ಭಾನುವಾರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಹೆಸರು ಬರೆಯಲ್ಲ, ಊರು ಚಿಕ್ಕದು, ನಾಳೆ ಗಾಂಧಿ ಬಜಾರಿನಲ್ಲಿ ಎದುರಾದರೆ ಇಬ್ಬರಿಗೂ ಮುಜುಗರ.

ಫೀಸು 6,500. ಹದಿನೈದು ಜನರ ಬ್ಯಾಚ್ ಅಂದಿದ್ದರು, ಮೂವತ್ತನಾಲ್ಕು ಜನ ಇದ್ದೆವು. ‘ಮೆಟೀರಿಯಲ್’ ಅಂತ ಮತ್ತೆ 600 ರೂಪಾಯಿ ತಗೊಂಡು ಕೊಟ್ಟಿದ್ದು ಜೆರಾಕ್ಸ್ ಹಾಳೆಗಳ ಕಟ್ಟು, ಅದರಲ್ಲೂ ಅರ್ಧ ಅಕ್ಷರ ಕಾಣಿಸುವುದಿಲ್ಲ. ಕಾಣಿಸಿದ ಕಡೆ ‘ದ ಪೂರ್ಸ್ ನೀಡ್ ಅವರ್ ಹೆಲ್ಪ್’ ಅಂತ ಇತ್ತು.

ಈ ‘ಪೂರ್ಸ್’ ಬಗ್ಗೆಯೇ ನಾನು ಬರೆಯಬೇಕು ಅಂದುಕೊಂಡಿದ್ದು.

ನಮ್ಮ ಮಾಮೂಲಿ ಮೇಷ್ಟ್ರು ಈ ಪಾಠವನ್ನು ಐದು ನಿಮಿಷದಲ್ಲಿ ಮುಗಿಸಿದರು. ಗುಣವಾಚಕದ ಮುಂದೆ ‘ದ’ ಹಾಕಿ, ಗುಂಪಾಗುತ್ತೆ, ಬರ್ಕೊಳ್ಳಿ. ದ ಪೂರ್, ದ ರಿಚ್, ದ ಓಲ್ಡ್, ದ ಬ್ಲೈಂಡ್. ಹಾಗಾದ್ರೆ ಎತ್ತರದವರಿಗೆ ‘ದ ಟಾಲ್’ ಅನ್ನಬಹುದಾ ಸಾರ್ ಅಂತ ಕೇಳಿದೆ. ರೂಲ್ ಪ್ರಕಾರ ಸರಿ ಅಂದರು. ನಾನು ನಂಬಿದೆ. ನಂಬಿ ಮನೆಗೆ ಬಂದು, ಅಂಗಳದಿಂದ ಹಳ್ಳಕ್ಕೆ ಇಳಿಯುವ ಪಾಚಿಗಟ್ಟಿದ ಮೆಟ್ಟಿಲ ಹತ್ತಿರ ಒಂದು ಬೋರ್ಡ್ ಹಾಕಿದೆ: ‘ದ ಓಲ್ಡ್ ಶುಡ್ ನಾಟ್ ಯೂಸ್ ದೀಸ್ ಸ್ಟೆಪ್ಸ್’.

ಆ ವಾರ ಬಂದಿದ್ದ ಡಚ್ ದಂಪತಿಗೆ ಎಪ್ಪತ್ತು ದಾಟಿರಬೇಕು. ಆಕೆ ಬೋರ್ಡ್ ಓದಿ, ನನ್ನ ಮುಖ ನೋಡಿ, ಚಿಕ್ಕವರು ಬಿದ್ದರೆ ಪರವಾಗಿಲ್ಲವಾ ಅಂತ ನಗುತ್ತಾ ಕೇಳಿದರು. ಅವರು ನಕ್ಕರು ನಿಜ, ನನಗೆ ಮಾತ್ರ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅದೇ ಗಡಿಬಿಡಿಯಲ್ಲಿ ಆಕೆಯ ಗಂಡನಿಗೆ ‘ಯು ಆರ್ ಎ ಡಚ್?’ ಅಂತ ಬೇರೆ ಕೇಳಿದೆ. ವ್ಯಾಕರಣವೂ ಹೋಯ್ತು, ಮರ್ಯಾದೆಯೂ ಹೋಯ್ತು.

ಮುಂದಿನ ಭಾನುವಾರ ಮೇಷ್ಟ್ರು ರಜೆ. ಬದಲಿಗೆ ಬಂದವರು ನಿವೃತ್ತ ಮೇಡಂ ಒಬ್ಬರು. ನನ್ನ ಬೋರ್ಡಿನ ಕಥೆ ಕೇಳಿ ಇಡೀ ಎರಡು ಗಂಟೆ ಅದಕ್ಕೇ ಕೊಟ್ಟರು. ಮೊದಲು ಕನ್ನಡದಿಂದ ಶುರು ಮಾಡಿದ್ದೇ ಅವರ ದೊಡ್ಡ ಗುಣ. ಕನ್ನಡದಲ್ಲಿ ‘ಬಡ’ ಅನ್ನುವುದು ಒಂಟಿಯಾಗಿ ನಿಲ್ಲುವುದಿಲ್ಲ, ‘ಬಡ ಬಂದರು’ ಅನ್ನಲಾಗದು. ಬಡವ, ಬಡವಿ, ಬಡವರು ಅಂತ ಬಾಲ ಸೇರಿಸಲೇಬೇಕು. ಆ ಬಾಲವೇ ಒಬ್ಬನಾ, ಒಬ್ಬಳಾ, ಹಲವರಾ ಅಂತ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ. ಅದಕ್ಕೇ ‘ದ ಪೂರ್’ ಅಂದರೆ ಯಾವಾಗಲೂ ಇಡೀ ಗುಂಪು, ಕ್ರಿಯಾಪದ ‘ಆರ್’, ಕೊನೆಗೆ ‘ಎಸ್’ ಬೇಡ. ಒಬ್ಬನ ಬಗ್ಗೆ ಹೇಳಬೇಕಾದರೆ ‘ಎ ಪೂರ್ ಮ್ಯಾನ್’ ಅಂತ ಬಿಡಿಸಿಯೇ ಹೇಳಬೇಕು. ಕೋರ್ಟಿನ ‘ದ ಅಕ್ಯೂಸ್ಡ್’ ಥರದ ಕೆಲವು ಮಾತ್ರ ಒಬ್ಬರಿಗೂ ಆಗುತ್ತವೆ.

ನಾವು ಯಾರಿಗೆ ಬೇಕಾದರೂ ‘ಅವರು’ ಅಂಟಿಸುತ್ತೇವೆ. ನಿನ್ನೆ ಬಂದವರು, ಊಟ ಬಿಟ್ಟವರು, ಬಯಲುಸೀಮೆಯವರು. ನಮ್ಮಜ್ಜಿಗಂತೂ ಆಗುಂಬೆ ಇಳಿದ ಮೇಲೆ ಸಿಗುವವರೆಲ್ಲ ‘ಘಟ್ಟದ ಕೆಳಗಿನೋರು’, ಉಡುಪಿಯಾದರೂ ಅಷ್ಟೇ, ಕುಂದಾಪುರವಾದರೂ ಅಷ್ಟೇ. ಇಂಗ್ಲಿಷು ಅಷ್ಟು ಧಾರಾಳಿಯಲ್ಲ. ಜನ ಮೊದಲೇ ಒಂದು ಗುಂಪು ಅಂತ ನೋಡುವವರಿಗೆ ಮಾತ್ರ ಆ ‘ದ’ ಸಹಜವಾಗಿ ಕೂರುತ್ತದೆ: ಬಡವರು, ಸತ್ತವರು, ಗಾಯಾಳುಗಳು, ಕೆಲಸ ಇಲ್ಲದವರು. ‘ದ ಟಾಲ್’ ಅಂದರೆ ಕಿವಿಗೆ ಒಗ್ಗುವುದಿಲ್ಲ. (ಮೇಷ್ಟ್ರ ರೂಲ್ ಅಲ್ಲಿಗೆ ಮುಗಿಯಿತು.)

ದೇಶದ ಹೆಸರುಗಳದ್ದು ಇನ್ನೊಂದು ರಗಳೆ. ಇಂಡಿಯನ್, ಜರ್ಮನ್ ಒಬ್ಬರಿಗೂ ಆಗುತ್ತದೆ, ‘ಎಸ್’ ಸೇರಿಸಿದರೆ ಹಲವರಿಗೂ ಆಗುತ್ತದೆ. ಆದರೆ ಡಚ್, ಫ್ರೆಂಚ್, ಐರಿಶ್, ಇಂಗ್ಲಿಷ್ ಹಾಗಲ್ಲ, ಅವು ‘ದ’ ಜೊತೆ ಇಡೀ ಜನಾಂಗಕ್ಕೇ. ಒಬ್ಬನಾದರೆ ಡಚ್‌ಮನ್, ಅಥವಾ ಸುಮ್ನೆ ‘ಆರ್ ಯು ಡಚ್?’ ಅಂದರೆ ಸಾಕು. ನಾನು ಹಾಕಿದ ಒಂದು ‘ಎ’ ಎಷ್ಟು ಕೆಲಸ ಕೆಡಿಸಿತು ನೋಡಿ.

ಇದಕ್ಕಿಂತ ನನಗೆ ಹಿಡಿಸಿದ್ದು ಮೇಡಂ ಹೇಳಿದ ಒಂದು ಪ್ರಸಂಗ. 2023ರ ಜನವರಿಯಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಬರವಣಿಗೆ ಕೈಪಿಡಿಯವರು ಟ್ವಿಟರ್‌ನಲ್ಲಿ ಒಂದು ಸಲಹೆ ಹಾಕಿದರು. ಹೀಗೆ ‘ದ’ ಹಾಕಿ ಜನರಿಗೆ ಚೀಟಿ ಅಂಟಿಸಬೇಡಿ ಅಂತ. ಪಟ್ಟಿಯಲ್ಲಿ ದ ಪೂರ್, ದ ಡಿಸೇಬಲ್ಡ್ ಜೊತೆಗೆ ‘ದ ಫ್ರೆಂಚ್’ ಕೂಡ ಇತ್ತು. ಫ್ರೆಂಚರಾಗಿರುವುದೂ ಒಂದು ಕಷ್ಟವಾ ಅನ್ನೋ ಹಾಗೆ! ಜನ ನಕ್ಕಿದ್ದೇ ನಕ್ಕಿದ್ದು. ಅಮೆರಿಕದಲ್ಲಿರುವ ಫ್ರೆಂಚ್ ರಾಯಭಾರ ಕಚೇರಿಯವರು ತಮಾಷೆಗೆ ತಮ್ಮ ಹೆಸರನ್ನೇ ‘ಫ್ರೆಂಚ್‌ನೆಸ್’ ರಾಯಭಾರ ಕಚೇರಿ ಅಂತ ಬದಲಿಸಿಕೊಂಡರು. ಕೊನೆಗೆ ಸಂಸ್ಥೆ ಆ ಸಾಲು ಅಳಿಸಿ, ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ ಅಂದಿತು.

ನಗು ಬಿಟ್ಟರೆ ಸಲಹೆಯಲ್ಲಿ ಹುರುಳಿದೆ ಅಂತಲೇ ನನ್ನ ಅನಿಸಿಕೆ. ನಮ್ಮಲ್ಲೂ ಅಂಗವಿಕಲರು ಅನ್ನುತ್ತಿದ್ದ ಕಡೆ ಈಗ ವಿಕಲಚೇತನರು ಅಂತ ಸರ್ಕಾರಿ ಇಲಾಖೆಯ ಬೋರ್ಡಿನಲ್ಲೇ ಇದೆ. ಹಿರಿಯರು ಅಂದರೆ ಖುಷಿ, ಮುದುಕರು ಅಂದರೆ ಸಿಟ್ಟು. ನನ್ನ ‘ದ ಓಲ್ಡ್’ ಎರಡನೆಯದಕ್ಕೆ ಹತ್ತಿರ, ‘ಓಲ್ಡರ್ ಪೀಪಲ್’ ಅಂದಿದ್ದರೆ ಮೊದಲನೆಯದಕ್ಕೆ ಹತ್ತಿರ ಆಗುತ್ತಿತ್ತು. ಹಾಗಂತ ಎಲ್ಲ ಕಡೆ ‘ಪೀಪಲ್’ ಹಾಕಿ ಕೈ ತೊಳೆದುಕೊಳ್ಳೋಣ ಅಂದರೆ ಅದೂ ನಡೆಯಲ್ಲ, ಯಾಕಂದರೆ ಸಂಜ್ಞಾಭಾಷೆ ಬಳಸುವ ಎಷ್ಟೋ ಜನ ತಾವು ‘ಡೆಫ್’ ಅಂತ, ಅದೂ ದೊಡ್ಡ ‘ಡಿ’ಯಲ್ಲಿ, ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ.

ಇಷ್ಟೆಲ್ಲ ಒಂದೇ ಭಾನುವಾರ. ಮುಂದಿನ ವಾರ ಮತ್ತೆ ಮಾಮೂಲಿ ಮೇಷ್ಟ್ರು, ಮತ್ತೆ ಬರ್ಕೊಳ್ಳಿ.

ಐದಕ್ಕೆ ಎರಡು ನಕ್ಷತ್ರ ಕೊಡುತ್ತೇನೆ, ಎರಡೂ ಮೇಡಂಗೆ. ಸೇರುವವರು ಒಂದು ಡೆಮೋ ಕ್ಲಾಸ್ ಕೂತು ನೋಡಿ, ಬ್ಯಾಚಿನಲ್ಲಿ ಎಷ್ಟು ತಲೆ ಅಂತ ನೀವೇ ಎಣಿಸಿ, ಮೆಟೀರಿಯಲ್ ದುಡ್ಡಿಗೆ ರಸೀದಿ ಕೇಳಿ. ಗಾಡಿ ನಿಲ್ಲಿಸಲು ಜಾಗ ಇಲ್ಲ.

ನಮ್ಮ ಬೋರ್ಡ್ ಈಗ ಬದಲಾಗಿದೆ, ‘ಸ್ಲಿಪರಿ ಸ್ಟೆಪ್ಸ್’ ಅಂತ ಎರಡೇ ಪದ. ನಮ್ಮ ಮಳೆಗೆ ಜಾರಿ ಬೀಳಲು ವಯಸ್ಸು ಬೇಕಾಗಿಲ್ಲ, ಹೋದ ವಾರ ನಾನೇ ಬಿದ್ದೆ. ಅತ್ತಿಗೆಯ ಮಗಳು ಇದೇ ಕ್ಲಾಸಿಗೆ ಹೊಸದಾಗಿ ಸೇರಿದ್ದಾಳೆ. ಅವಳ ಜೆರಾಕ್ಸ್ ಕಟ್ಟು ತೆಗೆದು ನೋಡಿದೆ. ‘ದ ಪೂರ್ಸ್’ ಹಾಗೇ ಇದೆ, ಮೆಟೀರಿಯಲ್ ದುಡ್ಡು ಮಾತ್ರ 750 ಆಗಿದೆ.