ಕಾರವಾರದಲ್ಲಿ ‘ಡಾಲ್ಫಿನ್, ಆಮೆ ಮರಿ, ದ್ವೀಪ’ ಪ್ಯಾಕೇಜ್: ದುಡ್ಡು ಮೊದಲೇ ಕೊಡಬೇಡಿ

ಕೋಡಿಬಾಗದ ಕಡೆ ಯಾರಾದರೂ ‘ಒಂದೇ ಟ್ರಿಪ್ಪಿನಲ್ಲಿ ಎಲ್ಲ ತೋರಿಸ್ತೇವೆ’ ಅಂದರೆ ದಯವಿಟ್ಟು ಫೋನ್‌ಪೇ ತೆಗೆಯಬೇಡಿ. ತೆಗೆಯಲೇಬೇಡಿ.

ನಮಗೆ ಸಿಕ್ಕ ದೋಣಿಯವನು ತಲೆಗೆ 1200 ರೂಪಾಯಿ ಅಂದ. ಕುರುಮಗಡ ದ್ವೀಪ, ಡಾಲ್ಫಿನ್, ದೇವಬಾಗದ ಮರಳು ದಿಬ್ಬ, ಕೊನೆಗೆ ಕಡಲಾಮೆ ಮರಿಗಳನ್ನು ನೀರಿಗೆ ಬಿಡೋದು. ಆಯಿ, ಮಕ್ಕಳು ಎಲ್ಲ ಸೇರಿ ಐದು ಜನ. ಅರ್ಧ ಮುಂಗಡ, ಉಳಿದದ್ದು ವಾಪಸ್ ಬಂದಮೇಲೆ, ಹಾಗಲ್ವಾ ಎಲ್ಲ ಕಡೆ? ಇವನು ಪೂರ್ತಿ ಮೊದಲೇ ತಗೊಂಡ. ‘ದಸರಾ ರಶ್ ಸರ್.’

ದೋಣಿ ಕಾಳಿ ನದಿಯ ಅಳಿವೆ ದಾಟಲೇ ಇಲ್ಲ. ಅಲ್ಲೇ ಒಂದು ಸುತ್ತು. ಸದಾಶಿವಗಡದ ಗುಡ್ಡ ತೋರಿಸಿದ, ಸೇತುವೆ ತೋರಿಸಿದ. ಅವು ಹೈವೇಯಿಂದಲೇ ಕಾಣುತ್ತವೆ ಮಾರಾಯ್ರೆ! ಕುರುಮಗಡ ಎಲ್ಲಿ ಅಂದೆ. ‘ಅಗೋ, ಕಾಣ್ತದಲ್ಲ ಸರ್.’ ಇಳಿಸ್ತೇನೆ ಅಂದಿದ್ದೆಯಲ್ಲ? ‘ತೋರಿಸ್ತೇನೆ ಅಂದಿದ್ದು.’ ಡಾಲ್ಫಿನ್? ‘ಫೋನ್ ಮಾಡಿ ಕರೆಯೋಕಾಗ್ತದಾ ಸರ್?’ ಜೊತೆಗಿದ್ದ ಬೇರೆ ಊರಿನವರೆಲ್ಲ ನಕ್ಕರು. ನನ್ನ ಮಗನೂ ನಕ್ಕ. ಲೈಫ್ ಜಾಕೆಟ್ಟಿನ ಬಕಲ್ ಮುರಿದಿತ್ತು, ಆಯಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ದೇವಬಾಗದಲ್ಲಿ ಇಳಿಸಿ ‘ಇಪ್ಪತ್ತು ನಿಮಿಷ’ ಅಂದ. ಮಕ್ಕಳು ಆಮೆ ಮರಿ ಹುಡುಕುತ್ತ ಮರಳೆಲ್ಲ ಸುತ್ತಿದರು. ಗಾಳಿ ಮರದ ನೆರಳಲ್ಲಿದ್ದ ಮೀನುಗಾರರೊಬ್ಬರು ವಿಷಯ ಕೇಳಿ ಹಣೆ ಚಚ್ಚಿಕೊಂಡರು. ‘ಈಗೆಲ್ಲಿ ಮರಿ? ಮೊಟ್ಟೆ ಇಡೋಕೆ ಆಮೆ ಬರೋದೇ ಚಳಿಗಾಲದಲ್ಲಿ. ಮರಿ ಆಗೋಕೆ ಮತ್ತೆ ಒಂದೂವರೆ, ಎರಡು ತಿಂಗಳು. ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾಯ್ತಾರೆ, ಮುಟ್ಟಿದರೆ ಕೇಸು.’

ದಸರಾದಲ್ಲಿ ಆಮೆ ಮರಿ! ಕಡಲ ಬುಡದಲ್ಲೇ ಬೆಳೆದವನಿಗೆ ಇದು ಗೊತ್ತಿಲ್ಲವಾ? ಗೊತ್ತಿದ್ದೇ ಮಾರಿದ. ಅದೇ ನನಗೆ ಉರಿಯೋದು. ದೇವಬಾಗಕ್ಕೆ ದೋಣಿ ಬಿಟ್ಟರೆ ದಾರಿಯೇ ಇಲ್ಲ ಅಂತಲೂ ಹೇಳಿದ್ದ. ಸದಾಶಿವಗಡದ ಕಡೆಯಿಂದ ಸರಿಯಾದ ರಸ್ತೆ ಇದೆ!

ದುಡ್ಡು ವಾಪಸ್ ಕೇಳಿದೆ. ‘ಡೀಸೆಲ್ ನೀವು ಕೊಡ್ತೀರಾ?’ ರಸೀದಿ ಕೇಳಿದೆ. ‘ದೋಣಿಗೆ ಯಾರು ರಸೀದಿ ಕೊಡ್ತಾರೆ ಸರ್?’

ಎಲ್ಲಾ ದೋಣಿಯವರೂ ಹೀಗಲ್ಲ, ಗೊತ್ತು. ಆದರೂ ಎಲ್ಲಿ ಇಳಿಸುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ. ಜಾಕೆಟ್ ಹಾಕಿ ನೋಡಿ. ಕಾಡುಪ್ರಾಣಿಗೆ, ಕಡಲಪ್ರಾಣಿಗೆ ಗ್ಯಾರಂಟಿ ಕೊಡುವವನ ಹತ್ತಿರ ಮಾತೇ ಬೇಡ.

ಶಿರಸಿಗೆ ಬಂದಮೇಲೂ ಮೆಸೇಜ್ ಹಾಕಿದೆ, ಅರ್ಧವಾದರೂ ಕೊಡು ಅಂತ. ಉತ್ತರ ಬಂತು: ‘ಫೆಬ್ರವರಿಗೆ ಬನ್ನಿ ಸರ್, ಆಮೆ ಮರಿ ಪಕ್ಕಾ. ನಿಮಗೆ ಡಿಸ್ಕೌಂಟ್ ಮಾಡ್ತೇನೆ.’