ಮಣ್ಣಿನ ಮಾಳಿಗೆ ತೆಗೆದ ಮೇಲೆ: ತಗಡು, ಫರಸಿ, ಸ್ಲ್ಯಾಬ್, ಇಲ್ಲವೇ ಮತ್ತೆ ಮಣ್ಣು

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದ ಕಡೆ ಮಣ್ಣಿನ ಮಾಳಿಗೆಯ, ಅಂದರೆ ಮರದ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಛಾವಣಿಯ, ಮನೆ ಇರುವವರೆಲ್ಲ ಕೇಳುವುದು ಒಂದೇ ಮಾತು: ಇದನ್ನು ತೆಗೆಸಿ ಬೇರೆ ಹಾಕಿಸಿದರೆ ಎಷ್ಟು ಬೀಳುತ್ತದೆ? ಗೌಂಡಿಯನ್ನು ಕೇಳಿದರೆ ಚದರ ಅಡಿಗೆ ಇಷ್ಟು ಎಂದು ನಿಂತ ಕಾಲಲ್ಲೇ ಹೇಳಿಬಿಡುತ್ತಾನೆ. ಆ ದರದಲ್ಲಿ ಸುಳ್ಳಿರುವುದಿಲ್ಲ, ಆದರೆ ಮುಖ್ಯವಾದದ್ದೂ ಇರುವುದಿಲ್ಲ. ಗೋಡೆಯ ತಲೆ ಹೇಗಿದೆ, ಮಾಳಿಗೆ ಹೊತ್ತ ಮರದ ಜಂತಿಯ ತುದಿ ಎಷ್ಟು ಗಟ್ಟಿ ಇದೆ ಎಂಬುದರ ಮೇಲೆ ಖರ್ಚು ನಿಂತಿದೆ. ಮಣ್ಣು ಕೆದರುವವರೆಗೆ ಅವೆರಡೂ ಕಣ್ಣಿಗೆ ಬೀಳುವುದಿಲ್ಲ.

ನಮ್ಮದು ಅಜ್ಜನ ಕಾಲದ ಮನೆ. ಪೂರ್ತಿ ಮಾಳಿಗೆಗೆ ಒಮ್ಮೆಲೇ ಹಣ ಹೊಂದಿಸುವುದು ಆಗದ್ದರಿಂದ ಭಾಗ ಭಾಗವಾಗಿ ತೆಗೆಸಿದೆ. ದನದ ಮನೆಗೆ ತಗಡು, ಅಡುಗೆಮನೆಗೆ ಗರ್ಡರ್ ಮೇಲೆ ಫರಸಿ (ಸುಣ್ಣದ ಕಲ್ಲಿನ ಚಪ್ಪಡಿ), ಪಡಸಾಲೆಗೆ ಸ್ಲ್ಯಾಬ್ ಹಾಕಿಸಿದೆ. ನಡುಮನೆಗೆ ಮಾತ್ರ ಹಳೆಯ ಮಣ್ಣನ್ನೇ ಇಳಿಸಿ ಮತ್ತೆ ಏರಿಸಿದ್ದು. ಹೀಗಾಗಿ ಒಂದೇ ಬಿಸಿಲು, ಒಂದೇ ಮಳೆಗೆ ನಾಲ್ಕೂ ಹೇಗೆ ನಡೆದುಕೊಳ್ಳುತ್ತವೆ ಎಂದು ಪಕ್ಕಪಕ್ಕದಲ್ಲೇ ನೋಡುತ್ತಿದ್ದೇನೆ. ಕೆಲಸ ಬೇರೆ ಬೇರೆ ವರ್ಷ ಆದದ್ದು. ಕೆಳಗಿನ ಮೊತ್ತಗಳನ್ನೆಲ್ಲ ಈಗಿನ ದರಕ್ಕೆ ಹೊಂದಿಸಿ ಬರೆದಿದ್ದೇನೆ. ನಿಮ್ಮ ಊರಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು.

ಮೊದಲು ತಗಡು. ದನದ ಮನೆ ಸುಮಾರು 300 ಚದರ ಅಡಿ. ಅರ್ಧ ಮಿಲಿಮೀಟರ್ ದಪ್ಪದ ಬಣ್ಣದ ತಗಡು, ಕೆಳಗೆ ಕಬ್ಬಿಣದ ಪೈಪು, ವೆಲ್ಡಿಂಗ್, ಕೂಲಿ ಎಲ್ಲ ಸೇರಿ 55 ಸಾವಿರ ರೂಪಾಯಿ, ಅಂದರೆ ಚದರ ಅಡಿಗೆ 180ರ ಮೇಲೆ. ಎರಡೇ ದಿನದಲ್ಲಿ ಕೆಲಸ ಮುಗಿಯಿತು. ತಗಡಿನ ಗುಣ ಅಷ್ಟೇ, ಬೇಗ ಮುಗಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ದಾಟಿದಾಗ ಅದರ ಕೆಳಗೆ ಎಮ್ಮೆ ಕೂಡ ನಿಲ್ಲುವುದಿಲ್ಲ, ಹಗ್ಗ ಜಗ್ಗಿಕೊಂಡು ಬೇವಿನ ಮರದ ಕಡೆ ತಿರುಗುತ್ತದೆ. ಮಳೆ ಬಂದರೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ.

ನಿಜವಾದ ಭಯ ಗಾಳಿಯದು. ತಗಡು ಚದರ ಅಡಿಗೆ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಮುಂಗಾರಿಗೆ ಮೊದಲು ಬೀಸುವ ಬಿರುಗಾಳಿ ಅದನ್ನು ಮೇಲಿನಿಂದ ಒತ್ತುವುದಿಲ್ಲ, ಕೆಳಗೆ ಹೊಕ್ಕು ಎತ್ತುತ್ತದೆ. ಹಾರದಿರಲಿ ಎಂದು ಜನ ಮೇಲೆ ಕಲ್ಲು ಹೇರುತ್ತಾರೆ. ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ, ತಗಡಿನ ಜೊತೆ ಕಲ್ಲೂ ತಲೆಯ ಮೇಲೆ ಬೀಳುತ್ತದೆ. ಪೈಪನ್ನು ಗೋಡೆಯೊಳಗೆ ಎರಡಡಿ ಇಳಿಸಿ ಕಾಂಕ್ರೀಟ್ ತುಂಬಿಸಿದರೆ ನಾಲ್ಕೈದು ಸಾವಿರ ಹೆಚ್ಚು ಬೀಳುತ್ತದೆ. ಅದನ್ನು ಮಾಡಿಸದೆ ತಗಡು ಹಾಕಿಸಬೇಡಿ. ಸ್ಕ್ರೂ ಕೆಳಗಿನ ರಬ್ಬರು ಬಿಸಿಲಿಗೆ ಒಣಗಿ ಸೀಳುತ್ತದೆ. ಕೆಲವು ವರ್ಷಕ್ಕೊಮ್ಮೆ ಅದನ್ನು ಬದಲಿಸದಿದ್ದರೆ ಪ್ರತಿ ಸ್ಕ್ರೂವಿನಿಂದಲೂ ತೊಟ್ಟಿಕ್ಕತೊಡಗುತ್ತದೆ.

ಅಡುಗೆಮನೆ 12 ಅಡಿಗೆ 15 ಅಡಿ. ನಾಲ್ಕಿಂಚಿನ ಗರ್ಡರುಗಳನ್ನು ಎರಡೆರಡು ಅಡಿ ಅಂತರದಲ್ಲಿ ಇಟ್ಟು, ಮೇಲೆ ತಾಳಿಕೋಟೆಯ ಫರಸಿ ಹಾಸಿ, ಕಬ್ಬಿಣದ ಜಾಳಿಗೆ ಇಟ್ಟು ಮೂರು ಇಂಚು ಕಾಂಕ್ರೀಟ್ ಹಾಕಿಸಿದೆ. ಒಟ್ಟು 50 ಸಾವಿರ, ಚದರ ಅಡಿಗೆ 275ರಷ್ಟು. ಕಲ್ಲು ನಮಗೆ ಹತ್ತಿರದ್ದು, ಸಾಗಣೆ ಕಡಿಮೆ. ದೂರದ ಊರಿನವರಿಗೆ ಈ ಲೆಕ್ಕ ಕೂಡುವುದಿಲ್ಲ. ಸೆಂಟ್ರಿಂಗ್ ಬೇಡ, ಹಲಗೆ ಬಾಡಿಗೆ ಬೇಡ, ಕೆಳಗೆ ಗಿಲಾವೂ (ಪ್ಲಾಸ್ಟರ್) ಬೇಡ. ಆದರೆ ಕಲ್ಲು ಆರಿಸಲು ನಿಮಗೇ ಪುರುಸೊತ್ತು ಇರಬೇಕು. ನಮ್ಮ ಗೌಂಡಿ ಪ್ರತಿಯೊಂದು ಫರಸಿಯನ್ನೂ ಒಂದು ಬದಿ ಎತ್ತಿ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದ. ಠಣ್ ಎಂದರೆ ಮಾಳಿಗೆಗೆ, ಡಬ್ ಎಂದರೆ ಬಚ್ಚಲಿಗೆ. ಒಳಗೆ ಕೂದಲಿನಷ್ಟು ಸೀಳಿದ್ದರೂ ಸದ್ದು ಸಾಯುತ್ತದೆ. ಸುಣ್ಣದ ಕಲ್ಲು ಒತ್ತಡವನ್ನು ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಹೀಗಾಗಿ ಗರ್ಡರು ಉಳಿಸಲು ಹೋಗಿ ಅಂತರವನ್ನು ಮೂರಡಿ ಮಾಡಿದವರ ಮನೆಯಲ್ಲಿ ಕಲ್ಲು ಮುರಿದೇ ಮುರಿಯುತ್ತದೆ.

ಇದರ ಕೊರತೆ ತುಕ್ಕು. ಅಡುಗೆಯ ಹಬೆ ಗರ್ಡರಿನ ಕೆಳಪಟ್ಟಿಗೆ ತಾಗಿ ತಾಗಿ ಬಣ್ಣ ಏಳುತ್ತದೆ, ಮತ್ತೆ ಮತ್ತೆ ಬಣ್ಣ ಬಳಿಸಬೇಕು. ನೋಡಲು ಗೋದಾಮಿನಂತೆ ಕಾಣುತ್ತದೆ ಎಂದು ಅವ್ವ ಮೊದಲ ದಿನವೇ ಮುಖ ಸಿಂಡರಿಸಿದಳು. ಇಂದಿಗೂ ಆ ಅಭಿಪ್ರಾಯ ಬದಲಾಗಿಲ್ಲ.

ಪಡಸಾಲೆಯ ಸ್ಲ್ಯಾಬಿಗೆ ಬಂದರೆ ಮಾತು ಉದ್ದವಾಗುತ್ತದೆ, ಏಕೆಂದರೆ ಎಲ್ಲರಿಗೂ ಬೇಕಾದದ್ದು ಅದೇ. ಅಗಲ 12 ಅಡಿ, ಉದ್ದ 25 ಅಡಿ, ದಪ್ಪ ಐದಿಂಚು. ಗೌಂಡಿ ಹೇಳಿದ್ದು ಚದರ ಅಡಿಗೆ 240. ಕೈಯಿಂದ ಹೋದದ್ದು 425ರ ಹತ್ತಿರ, ಒಟ್ಟು ಒಂದು ಲಕ್ಷ 28 ಸಾವಿರ. ನಡುವಿನ ಹಣ ಎಲ್ಲಿ ಹೋಯಿತು? ಗೌಂಡಿ ಮೋಸ ಮಾಡಲಿಲ್ಲ. ಸ್ಲ್ಯಾಬೆಂದರೆ ಅವನಿಗೆ ಸಿಮೆಂಟು, ಉಸುಕು, ಖಡಿ, ಸಲಾಕೆ (ಕಬ್ಬಿಣದ ಸರಳು), ಸೆಂಟ್ರಿಂಗ್, ಕೂಲಿ. ಅದು 72 ಸಾವಿರಕ್ಕೆ ಮುಗಿಯಿತು. ಹಳೆಯ ಮಣ್ಣು ಇಳಿಸಿ ಸಾಗಿಸುವುದು, ಗೋಡೆಯ ತಲೆ ಸರಿಪಡಿಸುವುದು, ಕೆಳಗಿನ ಗಿಲಾವು, ಮೇಲಿನ ಇಳಿಜಾರು, ಸುತ್ತಲಿನ ಕುಂಬಿ (ಅಂಚಿನ ಗಿಡ್ಡ ಗೋಡೆ) ಇವೆಲ್ಲ ಅವನ ಲೆಕ್ಕದ ಹೊರಗೆ.

ಇದರಲ್ಲಿ ಗೋಡೆಯ ತಲೆಯದೇ ದೊಡ್ಡ ಕಥೆ. ಮಣ್ಣಿನ ಗೋಡೆ ಸ್ಲ್ಯಾಬಿನ ಭಾರ ತಾಳುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ಕೂತು ಲೆಕ್ಕ ಹಾಕಿ. ಐದಿಂಚಿನ ಸ್ಲ್ಯಾಬು ಚದರ ಅಡಿಗೆ ಸುಮಾರು 30 ಕಿಲೋ. ಒಂದಡಿ ದಪ್ಪದ ಮಣ್ಣಿನ ಮಾಳಿಗೆ ಒಣಗಿದ್ದಾಗಲೇ 45 ಕಿಲೋ, ನೆನೆದರೆ ಇನ್ನೂ ಹೆಚ್ಚು. ಪಡಸಾಲೆಯ ಮೇಲೆ ಹದಿಮೂರು ಟನ್ ಮಣ್ಣನ್ನು ಹೊತ್ತು ನಿಂತಿದ್ದ ಗೋಡೆಗೆ ಒಂಬತ್ತು ಟನ್ ಸ್ಲ್ಯಾಬು ಭಾರವಲ್ಲ. ತೊಂದರೆ ಬೇರೆ ಇದೆ. ನಮ್ಮ ಗೋಡೆಗಳು ಒಳಗೊಂದು ಹೊರಗೊಂದು ಕಲ್ಲಿನ ಸಾಲು ಕಟ್ಟಿ ನಡುವೆ ಮಣ್ಣು, ಚೂರುಗಲ್ಲು ತುಂಬಿದವು. ಎರಡೂ ಸಾಲಿಗೆ ಭಾರ ಸಮನಾಗಿ ಬೀಳದಿದ್ದರೆ ಒಂದು ಸಾಲು ಹೊಟ್ಟೆ ಬಿಡುತ್ತದೆ. ಅದಕ್ಕೇ ಮೇಲಿನ ಸಡಿಲ ಕಲ್ಲು ತೆಗೆದು, ಸಲಾಕೆ ಹಾಕಿ, ಸುತ್ತಲೂ ಆರಿಂಚಿನ ಕಾಂಕ್ರೀಟ್ ಪಟ್ಟಿ ಕಟ್ಟಿಸಬೇಕು. 18 ಸಾವಿರ ಅದಕ್ಕೆ ಹೋಯಿತು. ಸ್ಲ್ಯಾಬಿನ ಲೆಕ್ಕ ಕೇಳುವಾಗ ಈ ಪಟ್ಟಿ ಸೇರಿದೆಯೇ ಎಂಬುದನ್ನೇ ಮೊದಲು ಕೇಳಿ.

ಸಿಮೆಂಟಿನ ಬೆಲೆ ಇಳಿಯಲಿ ಎಂದು ಕಾಯುವವರೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಇಷ್ಟು ದೊಡ್ಡ ಸ್ಲ್ಯಾಬಿಗೆ ಬೇಕಾಗುವುದು 30 ಚೀಲದೊಳಗೆ; ಚೀಲಕ್ಕೆ ಮೂವತ್ತು ರೂಪಾಯಿ ಇಳಿದರೂ ಉಳಿಯುವುದು ಸಾವಿರದೊಳಗೇ. ಹಣ ತಿನ್ನುವುದು ಸಲಾಕೆ ಮತ್ತು ಕೂಲಿ. ಇನ್ನು ಆತುರದ ಮಾತು. ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿಗೆ ಆಸರೆಗಳನ್ನು ಕನಿಷ್ಠ ಏಳು ದಿನ ತೆಗೆಯಬಾರದು, ಅದಕ್ಕಿಂತ ಅಗಲವಾದರೆ ಹದಿನಾಲ್ಕು ದಿನ. ಸೆಂಟ್ರಿಂಗಿನವನಿಗೆ ಇನ್ನೊಂದು ಮನೆ ಕಾದಿರುತ್ತದೆ, ನಾಲ್ಕನೇ ದಿನವೇ ಬಾಗಿಲಿಗೆ ಬರುತ್ತಾನೆ. ಚಹಾ ಕುಡಿಸಿ ಕಳಿಸಿ.

ಸ್ಲ್ಯಾಬು ಸೋರುವುದಿಲ್ಲ, ಹೆಗ್ಗಣ ಬಿಲ ತೋಡುವುದಿಲ್ಲ, ಮೇಲೆ ಜೋಳ ಒಣಗಿಸಬಹುದು. ಆದರೆ ಹಗಲಿಡೀ ಕುಡಿದ ಬಿಸಿಲನ್ನು ಅದು ರಾತ್ರಿ ಹತ್ತರ ಮೇಲೆ ಕೆಳಗೆ ಬಿಡುತ್ತದೆ. ಮೇ ತಿಂಗಳಲ್ಲಿ ಪಡಸಾಲೆಯಲ್ಲಿ ಹಾಸಿದ ಹಾಸಿಗೆಗಳು ಒಂದೊಂದಾಗಿ ನಡುಮನೆಗೆ ಸರಿಯುತ್ತವೆ.

ನಡುಮನೆ 250 ಚದರ ಅಡಿ. ಅಲ್ಲಿನ ತೊಲೆ, ಕಂಬ ಸಾಗವಾನಿ; ಜಂತಿ ಬೇವಿನದು. ಮಣ್ಣು ಇಳಿಸಿದ ಮೇಲೆ ಬಡಿಗ ಮಾಡಿದ ಮೊದಲ ಕೆಲಸವೆಂದರೆ ಪ್ರತಿ ಜಂತಿ ಗೋಡೆಯೊಳಗೆ ಹೋಗುವ ಜಾಗಕ್ಕೆ ಉಳಿ ಚುಚ್ಚಿ ನೋಡಿದ್ದು. ನಡುವೆ ಎಷ್ಟೇ ಗಟ್ಟಿ ಇದ್ದರೂ ಜಂತಿ ಕೊಳೆಯುವುದು ಆ ತುದಿಯಲ್ಲೇ. ಗೋಡೆಯ ತಂಪು, ಗೆದ್ದಲು ಎರಡೂ ಅಲ್ಲಿ ಸೇರುತ್ತವೆ. ಕೆಲವು ಜಂತಿ ಬದಲಿಸಿದೆವು. ಮೇಲೆ ಹಲಗೆ, ಬೇವಿನ ಸೊಪ್ಪು, ಅದರ ಮೇಲೆ ಜಾಡಿಸಿದ ಹಳೆಯ ಮಣ್ಣು, ಕೊನೆಗೆ ನಾಲ್ಕು ಬೆರಳು ಸವಳು ಮಣ್ಣು. ಬಿಳಿ ಉಪ್ಪೆದ್ದ ಹೊಲದ ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು; ನೀರು ತಾಗಿದೊಡನೆ ಕಣಗಳು ಬಿಚ್ಚಿಕೊಂಡು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಬೆಳೆಗೆ ಶತ್ರುವಾದ ಗುಣವೇ ಮಾಳಿಗೆಗೆ ಬೇಕಾದದ್ದು. ಹುಲ್ಲೂ ಅಷ್ಟಾಗಿ ಹುಟ್ಟುವುದಿಲ್ಲ.

ಒಟ್ಟು 45 ಸಾವಿರ, ಚದರ ಅಡಿಗೆ 180. ತಗಡಿನ ದರವೇ. ಮೇಲಾಗಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹೊದಿಸಲು ಮೂರ್ನಾಲ್ಕು ಸಾವಿರ. ಹಣಕ್ಕಿಂತ ಆಳುಗಳನ್ನು ಹೊಂದಿಸುವುದು ಕಷ್ಟ. ಮಾಳಿಗೆ ತುಳಿಯುವ ಕೆಲಸ ಗೊತ್ತಿದ್ದವರೆಲ್ಲ ಅರವತ್ತು ದಾಟಿದ್ದಾರೆ. ಒಂದು ವರ್ಷ ಬಿಟ್ಟರೆ ಸೆಪ್ಟೆಂಬರ್ ಮಳೆ ನೆನಪಿಸುತ್ತದೆ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಬಿಡದೆ ಸುರಿದಾಗ ಉತ್ತರ ಕರ್ನಾಟಕದಲ್ಲಿ ಎಷ್ಟು ಮಣ್ಣಿನ ಮನೆಗಳು ಕುಸಿದವು ಎಂಬುದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ದಿನಗಟ್ಟಲೆ ನೆನೆದ ಮಣ್ಣಿನ ಭಾರ ಮತ್ತು ಕೊಳೆತ ಜಂತಿ, ಎರಡೂ ಕೂಡಿದರೆ ಅಷ್ಟೇ. ಜಂತಿ ಗಟ್ಟಿ ಇದ್ದು, ವರ್ಷವರ್ಷ ಮೇಲೆ ಹತ್ತುವವರು ಮನೆಯಲ್ಲಿದ್ದರೆ ಮಾತ್ರ ಮಣ್ಣು. ಇದ್ದರೆ ಅದರ ತಂಪಿಗೆ ಉಳಿದ ಮೂರೂ ಸಾಟಿಯಲ್ಲ.

ಇನ್ನೊಂದು ಬಾಬು ಲೆಕ್ಕಕ್ಕೆ ಸೇರಿಸಿ. ಸ್ಲ್ಯಾಬು ಹಾಕಿಸುವವರ ಮನೆಯಿಂದ ಹೊರಬೀಳುವ ಹಳೆಯ ಸಾಗವಾನಿಗೆ ಬೆಲೆ ಇದೆ. ಮಾಳಿಗೆ ಬಿಚ್ಚುವ ಸುದ್ದಿ ಹೇಗೋ ತಿಳಿದು ವ್ಯಾಪಾರಿಗಳು ಬರುತ್ತಾರೆ, ಕೆತ್ತನೆಯ ಕಂಬ, ತೊಲೆ ಎಲ್ಲ ಸೇರಿಸಿ ಗುತ್ತಿಗೆ ಮಾತಾಡುತ್ತಾರೆ. ಗುತ್ತಿಗೆಗೆ ಒಪ್ಪಬೇಡಿ. ಘನ ಅಡಿ ಅಳೆಸಿ, ಕೆತ್ತನೆಯದನ್ನು ಬೇರೆ ಇಡಿ. ನಮ್ಮ ಪಡಸಾಲೆಯ ಕಟ್ಟಿಗೆಗೆ ಮೊದಲು ಕೇಳಿದ್ದು 15 ಸಾವಿರ, ಅಳೆಸಿದ ಮೇಲೆ ಕೊಟ್ಟದ್ದು 31 ಸಾವಿರ. ಅದನ್ನು ಕಳೆದರೆ ಸ್ಲ್ಯಾಬು ಚದರ ಅಡಿಗೆ 325ರೊಳಗೆ ಬಂತು, ಫರಸಿಗಿಂತ ಬರಿ 50 ರೂಪಾಯಿ ಹೆಚ್ಚು.

ತಮ್ಮನ ಪಾಲಿನ ಎರಡು ಕೋಣೆ ಇನ್ನೂ ಬಾಕಿ ಇವೆ. ಜಂತಿಯ ತುದಿ ಪುಡಿಯಾಗಿವೆ, ಅವನು ಪುಣೆಯಲ್ಲಿರುವುದರಿಂದ ಮಣ್ಣು ಹೊದಿಸಲು ಯಾರೂ ಇಲ್ಲ. ಸ್ಲ್ಯಾಬೇ ಸರಿ ಎಂದು ಹೇಳಿದ್ದೇನೆ. ಸಂಕ್ರಾಂತಿ ಮುಗಿದ ಮೇಲೆ, ಮೊದಲ ಬಿರುಗಾಳಿಗೆ ಮುಂಚೆ, ಕಾಂಕ್ರೀಟ್ ಪಟ್ಟಿಯ ಖರ್ಚನ್ನು ಚೀಟಿಯಲ್ಲಿ ಬರೆಸಿಕೊಂಡು.